ಚಳಿಯಿಲ್ಲದ ಊರಿನಲ್ಲಿ ಹೆಣಿಗೆ

ಕಳೆದ ಆಟಿ ತಿಂಗಳಿನ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಮಾತುಕತೆಯೊಂದು ಈ ಲೇಖನಕ್ಕೆ ಕಾರಣವಾಯಿತು. ಹೊರಗೆ ಮಳೆಯು ಬಿಡದೆ ಸುರಿಯುತ್ತಿತ್ತು. ಅತ್ತೆಯವರು ಕಿಟಕಿಯ ಬೆಳಕಿಗೆ ಮುಖಮಾಡಿ ಕುಳಿತು ಎರಡು ಕಡ್ಡಿಗಳಿಂದ ಏನನ್ನೋ ಹೆಣೆಯುತ್ತಿದ್ದರು. ಪತ್ರಿಕೆ ಓದಲೆಂದು ಬಂದಿದ್ದ ನೆರೆಮನೆಯ ಹಿರಿಯರು ಅದನ್ನು ನೋಡಿ ನಕ್ಕು, “ಎಂತ ಅಕ್ಕ ಇದು? ಈ ಸೆಕೆಯ ಊರಿನಲ್ಲಿ ಉಲ್ಲನ್ ಹೆಣೆಯುವುದೆಂದರೆ ಸಮುದ್ರಕ್ಕೆ ಉಪ್ಪು ಹೊತ್ತ ಹಾಗಲ್ಲವೇ?” ಎಂದರು.

ಅತ್ತೆಯವರು ಕಡ್ಡಿಯಿಂದ ಕಣ್ಣು ತೆಗೆಯದೆಯೇ, “ನಿಮ್ಮ ಮೈಮೇಲೆ ಇರುವುದು ಎಂತದ್ದು ಅಣ್ಣ? ಅದೂ ಹೆಣಿಗೆಯೇ” ಎಂದರು.

ಹಿರಿಯರು ತೊಟ್ಟಿದ್ದುದು ಎಲ್ಲರೂ ತೊಡುವ ಬಿಳಿಯ ಗಂಜಿಫ್ರಾಕು. ಅವರಿಗೆ ಉತ್ತರ ತೋಚಲಿಲ್ಲ. ನಮಗೂ ಆ ಮಾತು ಹೊಸದಾಗಿಯೇ ಇದ್ದಿತು. ಗಂಜಿಫ್ರಾಕನ್ನು ಒಮ್ಮೆ ಬೆಳಕಿಗೆ ಹಿಡಿದು ಎಳೆದು ನೋಡಿದರೆ ಅತ್ತೆಯವರ ಮಾತಿನ ಸತ್ಯವು ತಿಳಿಯುವುದು. ಪಂಚೆಯಲ್ಲಿಯೂ ಸೀರೆಯಲ್ಲಿಯೂ ಹಾಸು ಹೊಕ್ಕು ಎಂದು ಎರಡು ಬಗೆಯ ಎಳೆಗಳು ಒಂದನ್ನೊಂದು ಅಡ್ಡ ಹಾಯುವುವು. ಗಂಜಿಫ್ರಾಕಿನಲ್ಲಾದರೋ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುವುದು. ಎಳೆದರೆ ಹಿಗ್ಗುವುದು, ಬಿಟ್ಟರೆ ಕುಗ್ಗುವುದು. ಬೆವರನ್ನು ಹೀರಿ ಮೈಗೆ ಗಾಳಿಯಾಡಗೊಡುವುದು. ಆ ಹೆಸರಿಗೂ ಒಂದು ಕಥೆಯುಂಟು. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಗರ್ನ್ಸಿ ಎಂಬುದೊಂದು ಸಣ್ಣ ದ್ವೀಪ. ಅಲ್ಲಿಯ ನಾವಿಕರು ತೊಡುತ್ತಿದ್ದ ಬಿಗಿ ಹೆಣಿಗೆಯ ಅಂಗಿಗೆ ‘ಗರ್ನ್ಸಿ ಫ್ರಾಕ್’ ಎಂದು ಹೆಸರು. ಅದೇ ನಮ್ಮವರ ಬಾಯಲ್ಲಿ ಗಂಜಿಫ್ರಾಕಾಯಿತೆಂದು ಶಬ್ದಗಳ ಮೂಲವನ್ನು ಬಲ್ಲವರು ಹೇಳುವರು. ಚಳಿಯ ಸಮುದ್ರದ ಉಣ್ಣೆಯ ಉಡುಪು ಸೆಕೆಯ ನಾಡಿಗೆ ಬಂದು ಹತ್ತಿಯದಾಯಿತು. ಹೆಣಿಗೆ ಮಾತ್ರ ಹಾಗೆಯೇ ಉಳಿಯಿತು.

ಮಂಗಳೂರಿನಲ್ಲಿ ಹೆಣಿಗೆ ಏತಕ್ಕೆ ಎಂಬವರಿಗೆ ಇಷ್ಟೇ ಉತ್ತರ ಸಾಕಾಗಬಹುದು. ಆದರೂ ಕೈಯಿಂದ ಹೆಣೆಯುವುದರ ಸುಖವೇನು, ಅದರಲ್ಲಿ ನಾವು ಮಾಡುವ ತಪ್ಪುಗಳೇನು ಎಂಬುದನ್ನು ಕುರಿತು ಗೃಹಸ್ಥರೊಡನೆ ನಾಲ್ಕು ಮಾತು ಹಂಚಿಕೊಳ್ಳುವ ಇಚ್ಛೆ ನಮಗುಂಟು. ಆ ತಪ್ಪುಗಳಲ್ಲಿ ಒಂದು ನಮ್ಮ ಮನೆಯ ಕೂಸಿಗೇ ಕೇಡು ತರುವುದರಲ್ಲಿದ್ದಿತು.

ಹೆಣೆಯುವ ನಾಡು

ಹೆಣೆಯುವುದೆಂಬ ಮಾತು ನಮ್ಮ ಕರಾವಳಿಗೆ ಪರಕೀಯವಲ್ಲ. ಮಡಲು ಹೆಣೆಯುವುದು, ಚಾಪೆ ಹೆಣೆಯುವುದು, ಬುಟ್ಟಿ ಹೆಣೆಯುವುದು, ಜಡೆ ಹೆಣೆಯುವುದು ಎಂದು ಈ ಕ್ರಿಯಾಪದವು ನಮ್ಮ ದಿನಚರಿಯಲ್ಲೆಲ್ಲ ಹರಡಿಕೊಂಡಿದೆ. ಬೆಂಗ್ರೆ ಬೊಕ್ಕಪಟ್ಟಣಗಳ ಮೀನುಗಾರರು ನೈಲಾನ್ ಬರುವುದಕ್ಕಿಂತ ಮುಂಚೆ ನಾರು ನೂಲುಗಳ ಬಲೆಗಳನ್ನು ಕೈಯಿಂದಲೇ ಮಾಡಿಕೊಳ್ಳುತ್ತಿದ್ದರು. ಬಲೆಗೂ ನಮ್ಮ ಹೆಣಿಗೆಗೂ ಒಂದು ವ್ಯತ್ಯಾಸವುಂಟು. ಬಲೆಯ ಪ್ರತಿಯೊಂದು ಕಣ್ಣಿಗೂ ಒಂದೊಂದು ಗಂಟು. ಒಂದು ಕಣ್ಣು ಹರಿದರೆ ಪಕ್ಕದ ಕಣ್ಣು ನಿಲ್ಲುವುದು. ಹೆಣಿಗೆಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆಯನ್ನು ಅದರ ಮೇಲಿನ ಕುಣಿಕೆ ಹಿಡಿದಿರುವುದು, ಅದನ್ನು ಅದರ ಮೇಲಿನದು. ಆದುದರಿಂದಲೇ ಒಂದು ಕಳಚಿದರೆ ಸಾಲು ಸಾಲಾಗಿ ಜಾರುವುದು.

ಎರಡು ಕಡ್ಡಿಗಳ ಹೆಣಿಗೆ ನಮ್ಮ ಮನೆಗಳಿಗೆ ಬಂದುದು ಬಹುಮಟ್ಟಿಗೆ ಶಾಲೆಗಳ ಬಾಗಿಲಿನಿಂದ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಈ ಕರಾವಳಿಗೆ ಬಂದು ಮಂಗಳೂರಿನಲ್ಲಿ ಶಾಲೆ, ಮುದ್ರಣಾಲಯ, ನೇಯ್ಗೆಯ ಕಾರ್ಖಾನೆಗಳನ್ನು ತೆರೆದರು. ೧೮೭೦ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಘದ ಭಗಿನಿಯರು ಬಂದು ಸೈಂಟ್ ಆ್ಯನ್ಸ್ ಕಾನ್ವೆಂಟನ್ನು ನೆಲೆಗೊಳಿಸಿದರು. ಹೆಣ್ಣುಮಕ್ಕಳ ಶಾಲೆಯೆಂದ ಮೇಲೆ ಓದು ಬರಹಗಳ ಜೊತೆಗೆ ಸೂಜಿಯ ಕೆಲಸಕ್ಕೂ ವೇಳೆ ಗೊತ್ತಾಗಿರುತ್ತಿದ್ದ ಕಾಲವದು. ಅಲ್ಲಿ ಕಲಿತ ಮಗಳು ಮನೆಯಲ್ಲಿ ತಾಯಿಗೆ ಕಲಿಸಿದಳು. ತಾಯಿ ನೆರೆಯವಳಿಗೆ ಕಲಿಸಿದಳು. ನಮ್ಮ ಅತ್ತೆಯವರು ಶಾಲೆಯಲ್ಲಿ ಕಲಿತವರಲ್ಲ. ಕಾನ್ವೆಂಟಿಗೆ ಹೋಗುತ್ತಿದ್ದ ಗೆಳತಿಯಿಂದ, ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ತುದಿ ಉಜ್ಜಿಕೊಂಡು ಕಲಿತವರು.

ಹೆಣಿಗೆಯೆಂದರೆ ಉಣ್ಣೆ, ಉಣ್ಣೆಯೆಂದರೆ ಚಳಿಯ ದೇಶ ಎಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಈವರೆಗೆ ದೊರೆತಿರುವ ಅತ್ಯಂತ ಹಳೆಯ ಹೆಣಿಗೆಯ ತುಣುಕುಗಳು ಮಧ್ಯಯುಗದ ಈಜಿಪ್ಟಿನವು. ಅವುಗಳಲ್ಲಿ ನೀಲಿ ಬಿಳಿ ಬಣ್ಣದ ಹತ್ತಿಯ ಕಾಲುಚೀಲಗಳಿವೆ. ಬಿಸಿಲ ನಾಡಿನಲ್ಲಿ ಹತ್ತಿಯ ನೂಲಿನಿಂದ ತೋರಿಬಂದ ಕಲೆಯನ್ನು ನಾವು ಹಿಮದ ನಾಡಿನದೆಂದು ತಿಳಿದು ಸಂಕೋಚಪಡಬೇಕಾದುದಿಲ್ಲ. ಯುರೋಪಿನಲ್ಲಿ ಇದು ಬೇಗನೆ ದೊಡ್ಡ ವೃತ್ತಿಯಾಯಿತು. ೧೫೮೯ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರವನ್ನೇ ಕಟ್ಟಿದನು. ನಮ್ಮ ಗಂಜಿಫ್ರಾಕನ್ನು ಹೆಣೆಯುವ ಯಂತ್ರಗಳು ಆ ಯಂತ್ರದ ದೂರದ ಸಂತತಿ.

ಎರಡೇ ಕುಣಿಕೆಗಳ ವಿದ್ಯೆ

ಈ ವಿದ್ಯೆಯ ಅಕ್ಷರಗಳು ಎರಡೇ: ಸೀದಾ ಕುಣಿಕೆ, ಉಲ್ಟಾ ಕುಣಿಕೆ. ನೂಲನ್ನು ಹಿಂದಿಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ಎಳೆದುಕೊಂಡರೆ ಸೀದಾ. ನೂಲನ್ನು ಮುಂದಿಟ್ಟುಕೊಂಡು ಮುಂದಿನಿಂದ ಹಿಂದಕ್ಕೆ ತಳ್ಳಿದರೆ ಉಲ್ಟಾ. ಒಂದರ ಬೆನ್ನೇ ಇನ್ನೊಂದರ ಮುಖ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡು ಮಗ್ಗುಲಲ್ಲಿಯೂ ಏರುತಗ್ಗಿನ ದಪ್ಪ ಬಟ್ಟೆಯಾಗುವುದು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಗಂಜಿಫ್ರಾಕಿನಂತಹ ನಯವಾದ ಬಟ್ಟೆ. ಎರಡು ಸೀದಾ, ಎರಡು ಉಲ್ಟಾ ಎಂದು ಒಂದೇ ಸಾಲಿನಲ್ಲಿ ಬೆರೆಸಿದರೆ ಹಿಗ್ಗಿ ಕುಗ್ಗುವ ಪಟ್ಟಿ. ಸ್ವೆಟರಿನ ಸೊಂಟಕ್ಕೂ ಕುಲಾವಿಯ ಅಂಚಿಗೂ ಬೇಕಾದುದು ಅದೇ.

ಇದರ ಸುಖವನ್ನು ಬಾಯಲ್ಲಿ ಹೇಳುವುದು ಕಷ್ಟ. ಕೈಗೆ ಲಯ ಹತ್ತಿದ ಮೇಲೆ ಕಣ್ಣಿಗೆ ಬಿಡುವು. ಮಗುವಿನ ಪಾಠ ಕೇಳಬಹುದು, ನೆರೆಯವರೊಡನೆ ಮಾತನಾಡಬಹುದು. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ನಮ್ಮ ಮನೆಯಲ್ಲಿ ನಿಲ್ಲದ ಕೆಲಸ ಇದೊಂದೇ. ಸೀದಾ ಸಾಲುಗಳನ್ನು ಬೆರಳ ತುದಿಯ ಸ್ಪರ್ಶದಿಂದಲೇ ಮುಂದುವರಿಸಲು ಅತ್ತೆಯವರಿಗೆ ಬರುತ್ತದೆ. ಹಿಂದೆ ಆಟಿಯಲ್ಲಿ ಹೊಲದ ಕೆಲಸ ನಿಂತು, ಹೊರಗೆ ಹೋಗಲಾರದೆ, ಚೆನ್ನೆಮಣೆ ಮುಂದಿಟ್ಟುಕೊಂಡು ಕೂರುತ್ತಿದ್ದರಲ್ಲವೇ? ಕೈಗೆ ಕೆಲಸವನ್ನೂ ಮನಸ್ಸಿಗೆ ಲೆಕ್ಕವನ್ನೂ ಕೊಡುವುದರಲ್ಲಿ ಹೆಣಿಗೆಯು ಅದಕ್ಕೆ ಸಮಾನವಾದುದು. ಬೇರೆ ಮನೆಗೆಲಸವೆಲ್ಲ ಮಾಡಿದಷ್ಟೂ ಮರುದಿನ ಮತ್ತೆ ಮೊದಲಿನಿಂದ. ತೊಳೆದ ಪಾತ್ರೆ ನಾಳೆ ತೊಳೆಯಬೇಕು, ಗುಡಿಸಿದ ಅಂಗಳ ನಾಳೆ ಗುಡಿಸಬೇಕು. ಹೆಣಿಗೆಯಲ್ಲಿ ಇಂದು ಮಾಡಿದ ನಾಲ್ಕು ಅಂಗುಲವು ನಾಳೆಯೂ ನಾಲ್ಕು ಅಂಗುಲವಾಗಿಯೇ ಕಾದಿರುವುದು. ಗೃಹಿಣಿಗೆ ಇದು ಸಣ್ಣ ಸಮಾಧಾನವಲ್ಲ.

ಕುಣಿಕೆ ಜಾರಿದರೆ ಗಾಬರಿಗೊಳ್ಳಬಾರದು. ಒಡನೆಯೇ ಒಂದು ಪಿನ್ನು ಚುಚ್ಚಿ ಅದನ್ನು ತಡೆದು, ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆತ್ತಬಹುದು. ಆಮೇಲೆ ನೋಡೋಣವೆಂದು ಬಿಟ್ಟರೆ ಹತ್ತು ಸಾಲು ಬಿಚ್ಚಬೇಕಾಗುವುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆಯ ಅರ್ಥವನ್ನು ನಾವು ಇಲ್ಲಿಯೇ ಕಲಿತೆವು.

ನೂಲು, ಕಡ್ಡಿ, ಅಳತೆ

ಅಂಗಡಿಗಳಲ್ಲಿ ಉಲ್ಲನ್ ಎಂಬ ಹೆಸರಿನಿಂದ ಮಾರುವುದರಲ್ಲಿ ಹೆಚ್ಚಿನದು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲು. ಅದು ಅಗ್ಗ, ಬಣ್ಣ ಚೆಂದ, ನುಸಿ ತಿನ್ನದು. ಆದರೆ ಬೆವರನ್ನು ಹೀರದು. ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುವುದು. ಒಲೆ ದೀಪಗಳ ಬಳಿ ಸುಳಿಯುವ ಮಕ್ಕಳಿಗೆ ಇದು ತಕ್ಕುದಲ್ಲ. ಕುರಿಯ ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನಿಸದು. ಚಳಿಯ ಊರಿಗೆ ಅದಕ್ಕೆ ಸಮನಾದುದಿಲ್ಲ. ಮಂಗಳೂರಿನಲ್ಲಿ ತೊಡುವುದಕ್ಕಾದರೆ ಹತ್ತಿಯೇ ಸರಿ. ಹತ್ತಿಯ ನೂಲು ಉಣ್ಣೆಯಂತೆ ಪುಟಿಯದು, ಭಾರವೂ ಹೆಚ್ಚು. ಆದುದರಿಂದ ದೊಡ್ಡ ಅಂಗಿಯು ಜೋತುಬೀಳುವುದು. ಕುಲಾವಿ, ಕಾಲುಚೀಲ, ತೋಳಿಲ್ಲದ ಸಣ್ಣ ಅಂಗಿ, ಮುಖ ಒರೆಸುವ ಚೌಕ ಇವುಗಳಿಗೆ ಅದು ಉತ್ತಮ.

ಉಕ್ಕಿನ ಕಡ್ಡಿಗಳು ನಮ್ಮ ತೇವದ ಗಾಳಿಗೆ ತುಕ್ಕು ಹಿಡಿದು ಬಿಳಿಯ ನೂಲಿಗೆ ಕಲೆ ಮಾಡುವುವು. ಬಿದಿರಿನ ಕಡ್ಡಿಗಳಿಗೆ ಆ ದೋಷವಿಲ್ಲ. ಬೆವರುವ ಕೈಯಿಂದ ಜಾರುವುದೂ ಕಡಿಮೆ. ಸೆಕೆಯ ದಿನ ಹತ್ತಿರ ಒಂದು ಒಣ ಬಟ್ಟೆಯನ್ನಿಟ್ಟುಕೊಂಡು ಆಗಾಗ ಕೈಯೊರೆಸಿಕೊಂಡರೆ ನೂಲು ಕೊಳೆಯಾಗದು.

ಎಲ್ಲಕ್ಕಿಂತ ಮುಖ್ಯವಾದುದು ಅಳತೆ. ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ. ೧೦ ಸೆಂಟಿಮೀಟರಿಗೆ ೨೦ ಕುಣಿಕೆ ಎಂಬ ಲೆಕ್ಕದಿಂದ ೬೦ ಸೆಂಟಿಮೀಟರು ಸುತ್ತಳತೆಯ ಅಂಗಿಗೆ ೧೨೦ ಕುಣಿಕೆ ಹಾಕಿದೆವೆನ್ನೋಣ. ನಮ್ಮ ಕೈ ಬಿಗಿಯಾಗಿ ೧೦ ಸೆಂಟಿಮೀಟರಿಗೆ ೨೨ ಕುಣಿಕೆ ಬಂದರೆ ಅಂಗಿಯು ೫೪ ಸೆಂಟಿಮೀಟರಿಗೆ ಚಿಲ್ಲರೆ ಮಾತ್ರವಾಗುವುದು. ಮಗುವಿಗೆ ತೊಡಿಸಲು ಹೋದಾಗ ತಿಳಿಯುವುದಕ್ಕಿಂತ ಮೊದಲೇ ಅಂಗೈಯಗಲದ ಒಂದು ತುಂಡನ್ನು ಹೆಣೆದು, ಒಗೆದು, ಒಣಗಿಸಿ ಅಳೆದು ನೋಡುವುದು ಲೇಸು. ಈ ಒಂದು ಸಂಜೆಯ ಕೆಲಸವನ್ನು ಉಳಿಸಲು ಹೋಗಿ ತಿಂಗಳ ಕೆಲಸವನ್ನು ಕಳೆದುಕೊಂಡವರನ್ನು ನಾವು ಬಲ್ಲೆವು. ಅವರಲ್ಲಿ ನಾವೂ ಒಬ್ಬರು.

ಒಂದು ಹತ್ತಿಯ ಕುಲಾವಿ

ಹೊಸಬರು ಮಾಡಿ ನೋಡಲೆಂದು ನವಜಾತ ಶಿಶುವಿನ ಕುಲಾವಿಯ ಕ್ರಮವನ್ನು ಇಲ್ಲಿ ಕೊಡುತ್ತೇವೆ. ೪ ಮಿಲಿಮೀಟರಿನ, ಅಂದರೆ ಹಳೆಯ ಲೆಕ್ಕದ ೮ನೆಯ ನಂಬರಿನ, ಎರಡು ಕಡ್ಡಿಗಳು. ೧೦ ಸೆಂಟಿಮೀಟರಿಗೆ ೨೦ ಕುಣಿಕೆ ಬರುವಂತಹ ಮೆತ್ತಗಿನ ಹತ್ತಿಯ ನೂಲು.

೬೪ ಕುಣಿಕೆ ಹಾಕಿಕೊಳ್ಳಿರಿ. ಎರಡು ಸೀದಾ ಎರಡು ಉಲ್ಟಾ ಎಂಬ ಪಟ್ಟಿಯನ್ನು ೪ ಸೆಂಟಿಮೀಟರು ಹೆಣೆಯಿರಿ. ಬಳಿಕ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು ಮೊದಲಿನಿಂದ ೧೦ ಸೆಂಟಿಮೀಟರು ಆಗುವ ತನಕ ಹೆಣೆಯಿರಿ. ಇನ್ನು ಇಳಿಸುವ ಕೆಲಸ. ಸೀದಾ ಸಾಲಿನಲ್ಲಿ ೬ ಕುಣಿಕೆ ಹೆಣೆದು ೨ನ್ನು ಕೂಡಿಸಿ ಒಂದು ಮಾಡಿರಿ. ಸಾಲಿನುದ್ದಕ್ಕೂ ಹೀಗೆಯೇ ೮ ಸಲ. ಆಗ ೫೬ ಉಳಿಯುವುದು. ಉಲ್ಟಾ ಸಾಲನ್ನು ಇಳಿಸದೆ ಹೆಣೆಯಿರಿ. ಮುಂದಿನ ಸೀದಾ ಸಾಲಿನಲ್ಲಿ ೫ ಹೆಣೆದು ೨ ಕೂಡಿಸುವುದು, ಅದರ ಮುಂದಿನದರಲ್ಲಿ ೪ ಹೆಣೆದು ೨ ಕೂಡಿಸುವುದು. ಹೀಗೆ ಪ್ರತಿ ಸೀದಾ ಸಾಲಿಗೆ ೮ರಂತೆ ಕಡಿಮೆಯಾಗುತ್ತ ಕೊನೆಗೆ ೮ ಕುಣಿಕೆ ಉಳಿಯುವುದು. ನೂಲನ್ನು ಉದ್ದ ಬಿಟ್ಟು ಕತ್ತರಿಸಿ, ಆ ೮ರೊಳಗೂ ಸೂಜಿಯಿಂದ ಹಾಯಿಸಿ ಬಿಗಿದು, ಅದೇ ನೂಲಿನಿಂದ ಬೆನ್ನಿನ ಅಂಚುಗಳನ್ನು ಹೊಲಿಯಿರಿ. ಸುತ್ತಳತೆ ಸುಮಾರು ೩೧ ಸೆಂಟಿಮೀಟರು ಆಗುವುದು. ಶಿಶುವಿನ ತಲೆಯ ಸುತ್ತಳತೆ ಸುಮಾರು ೩೪ ಇದ್ದರೂ ಚಿಂತೆಯಿಲ್ಲ; ಹೆಣಿಗೆ ಹಿಗ್ಗುವುದು.

ಹೊಲಿಗೆಯಾದ ಮೇಲೆ ಒಳಮಗ್ಗುಲನ್ನು ತಿರುವಿ ನೋಡಿರಿ. ಸಡಿಲವಾದ ಎಳೆಯ ತುದಿ ಎಲ್ಲಿಯೂ ಇರಬಾರದು. ಕುಲಾವಿಗಿಂತಲೂ ಕಾಲುಚೀಲ ಕೈಚೀಲಗಳಲ್ಲಿ ಈ ಜಾಗ್ರತೆ ಹೆಚ್ಚು ಅವಶ್ಯ. ಒಳಗಿನ ಒಂದು ಸಡಿಲ ಎಳೆ ಶಿಶುವಿನ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಸಂಚಾರ ನಿಂತು ಬೆರಳಿಗೇ ಅಪಾಯ. ಕಾರಣ ಕಾಣದೆ ಮಗು ಅಳುತ್ತಿದ್ದರೆ ಕಾಲುಚೀಲವನ್ನು ಕಳಚಿ ಬೆರಳುಗಳನ್ನು ನೋಡುವುದು ಒಳ್ಳೆಯದು. ಕುತ್ತಿಗೆಗೆ ಕಟ್ಟುವ ರಿಬ್ಬನ್ನು, ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ ಗುಂಡಿ ಇವೂ ಬೇಡ.

ನುಸಿಗುಳಿಗೆಯ ಪಾಠ

ಮೇಲೆ ಹೇಳಿದ ನಮ್ಮ ಮನೆಯ ತಪ್ಪು ಯಾವುದೆಂದರೆ ಇದು. ಕೆಲವು ವರ್ಷಗಳ ಹಿಂದೆ ನಾದಿನಿಯು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸೀಮಂತವಾದ ದಿನವೇ ಅತ್ತೆಯವರು ಹಳದಿಯ ಉಣ್ಣೆ ತರಿಸಿ, ಒಂದು ತಿಂಗಳು ಕುಳಿತು, ಎದೆಯ ಮೇಲೆ ಎರಡು ಎಲೆಗಳ ಬಳ್ಳಿಯುಳ್ಳ ಪುಟ್ಟ ಸ್ವೆಟರೊಂದನ್ನು ಹೆಣೆದರು. ಅಷ್ಟು ನುಣುಪಾದ ಹೆಣಿಗೆಯನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲ. ನುಸಿ ತಿಂದೀತೆಂಬ ಭಯದಿಂದ ಅದನ್ನು ಟ್ರಂಕಿನಲ್ಲಿಟ್ಟು ಒಂದು ಹಿಡಿ ನುಸಿಗುಳಿಗೆ ಹಾಕಿ ಮುಚ್ಚಿದ್ದಾಯಿತು.

ಮಗು ಹುಟ್ಟಿದ ಎರಡನೆಯ ದಿನ ಆ ಸ್ವೆಟರನ್ನು ಆಸ್ಪತ್ರೆಗೆ ಒಯ್ದೆವು. ತೊಡಿಸಲು ಎತ್ತಿಕೊಂಡಾಗ ಬಳಿಯಿದ್ದ ಹಿರಿಯ ದಾದಿಯವರು ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು. “ಅಮ್ಮ, ಬೇಜಾರು ಮಾಡಬೇಡಿ. ಇದನ್ನು ಈ ಕೋಣೆಯಿಂದಲೇ ಹೊರಗೆ ಇಡಿ” ಎಂದರು. ಅತ್ತೆಯವರ ಮುಖ ಬಾಡಿದುದು ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಂದು ಅವರು ವಿವರಿಸಿದುದನ್ನೂ ಬಳಿಕ ನಾವು ತಿಳಿದುಕೊಂಡುದನ್ನೂ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಬಿಳಿಯ ನುಸಿಗುಳಿಗೆಗಳಲ್ಲಿ ಬಹಳಷ್ಟು ನ್ಯಾಫ್ತಲೀನ್ ಎಂಬ ವಸ್ತುವಿನಿಂದಾದವು. ಕೆಲವು ಶಿಶುಗಳ ರಕ್ತದಲ್ಲಿ ಜಿ-ಸಿಕ್ಸ್-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಾಗಿರುವುದು. ನೋಡಿದರೆ ಮಗು ಆರೋಗ್ಯವಾಗಿಯೇ ಕಾಣುವುದು. ಯಾರಿಗೆ ಈ ಕೊರತೆಯಿದೆಯೆಂದು ಪರೀಕ್ಷೆಯಿಲ್ಲದೆ ತಿಳಿಯದು. ಅಂತಹ ಶಿಶುವಿಗೆ ನುಸಿಗುಳಿಗೆಯ ವಾಸನೆ ಹಿಡಿದ ಬಟ್ಟೆ ತೊಡಿಸಿದರೆ, ಅದರ ಆವಿಯು ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯುವುದು, ಕಾಮಾಲೆ ಏರುವುದು, ಅದು ಮಿತಿಮೀರಿದರೆ ಮೆದುಳಿಗೂ ಪ್ರಾಣಕ್ಕೂ ಕೇಡು. ಎಣ್ಣೆ ಸವರಿದ ಮೈಯು ಅದನ್ನು ಇನ್ನಷ್ಟು ಸುಲಭವಾಗಿ ಹೀರುವುದು. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿ, ಟ್ರಂಕಿನಿಂದ ತೆಗೆದ ಬೆಚ್ಚನೆಯ ಅಂಗಿಯನ್ನು ತೊಡಿಸುವುದು ನಮ್ಮ ಕಡೆಯ ವಾಡಿಕೆಯಾದುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಮಗುವಿನ ಬಟ್ಟೆ, ಹಾಸಿಗೆ, ಕಂಬಳಿ ಯಾವುದರ ಬಳಿಯೂ ನುಸಿಗುಳಿಗೆ ಬೇಡ. ಓಡಾಡುವ ಮಕ್ಕಳು ಅದನ್ನು ಸಕ್ಕರೆಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಭಯವೂ ಉಂಟು.

ಹಾಗಾದರೆ ನುಸಿಯಿಂದ ಕಾಪಾಡುವುದು ಹೇಗೆ? ಉಣ್ಣೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಬೆವರು, ಹಾಲು, ಅನ್ನದ ಕಲೆಯಿರುವ ಬಟ್ಟೆಯು ಅದಕ್ಕೆ ಹೆಚ್ಚು ಪ್ರಿಯ. ಆದುದರಿಂದ ಎತ್ತಿಡುವ ಮುನ್ನ ಚೆನ್ನಾಗಿ ಒಗೆದು, ಪೂರ್ಣ ಒಣಗಿಸಿ, ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿಡಬೇಕು. ತಿಂಗಳಿಗೊಮ್ಮೆ ಹೊರತೆಗೆದು ಕೊಡವಿ ಬಿಸಿಲು ಕಾಣಿಸಬೇಕು. ಹತ್ತಿಯ ಹೆಣಿಗೆಗೆ ನುಸಿಯ ಭಯವಿಲ್ಲದಿದ್ದರೂ ಬೂಷ್ಟಿನ ಭಯವುಂಟು. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಸ್ವಲ್ಪ ತೇವವುಳಿದು ಮಡಚಿದರೂ ಕಪ್ಪು ಚುಕ್ಕೆ ಬೀಳುವುದು. ಮಳೆಗಾಲಕ್ಕೆ ಮುಂಚೆ ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ ಮುಚ್ಚಿಟ್ಟರೆ ಕ್ಷೇಮ.

ತೊಡುವವರಿಗಾಗಿ ಹೆಣೆಯುವುದು

ಹಳದಿಯ ಸ್ವೆಟರನ್ನು ಅತ್ತೆಯವರು ಮನೆಗೆ ತಂದು ಹಲವು ಸಲ ಒಗೆದು ವಾರಗಟ್ಟಲೆ ಗಾಳಿಗೆ ಹರವಿದರು. ವಾಸನೆ ಪೂರ್ಣ ಹೋಗುವಷ್ಟರಲ್ಲಿ ಅದು ಮಗುವಿಗೆ ಚಿಕ್ಕದಾಗಿತ್ತು. ಒಂದು ದಿನವಾದರೂ ತೊಡಿಸಲಾಗಲಿಲ್ಲವಲ್ಲ ಎಂದು ನಾವು ಮರುಗಿದೆವು. ಅವರು ಮರುಗಲಿಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿಯೇ ಹತ್ತಿಯ ನೂಲು ಹುಡುಕಿ ಕುಳಿತಿದ್ದರು. ಮಗುವು ಮನೆಗೆ ಬಂದುದು ಬಿಳಿಯ ಹತ್ತಿಯ ಕುಲಾವಿಯಲ್ಲಿ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತಲೆಯಿಂದ ಶಾಖವು ಬೇಗ ಹೋಗುವುದರಿಂದ ಕುಲಾವಿ ಬೇಕು. ತೂಕ ಕಡಿಮೆಯಿರುವ ಶಿಶುವನ್ನು ತಾಯಿಯ ಎದೆಗೆ ಒತ್ತಿ ಮಲಗಿಸುವ ಕ್ರಮದಲ್ಲಿಯೂ ಕುಲಾವಿ ಕಾಲುಚೀಲಗಳನ್ನು ತೊಡಿಸುವರು. ಆದರೆ ಮನೆಗೆ ಬಂದು ಮೈ ತುಂಬಿಕೊಂಡ ಮಗುವಿಗೆ ನಮ್ಮ ಸೆಕೆಯಲ್ಲಿ ನಿದ್ದೆಯ ಹೊತ್ತಿನಲ್ಲಿಯೂ ಕುಲಾವಿ ಹಾಕಿಟ್ಟರೆ ಮೈ ಅತಿಯಾಗಿ ಕಾಯುವುದು. ಬೇಕಾದಾಗ ತೊಡಿಸುವಷ್ಟೇ ಬೇಡವಾದಾಗ ತೆಗೆಯುವುದೂ ವಾತ್ಸಲ್ಯವೇ.

ಆ ಮಗು ಈಗ ತಂದೆತಾಯಿಯರ ಜೊತೆ ಹಿಮ ಬೀಳುವ ದೇಶದಲ್ಲಿದೆ. ಹಳದಿಯ ಸ್ವೆಟರನ್ನು ಅತ್ತೆಯವರು ಬಿಚ್ಚಿದರು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುವುದರಿಂದ ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಭಾರ ಕಟ್ಟದೆ ನೆರಳಿನಲ್ಲಿ ತೂಗಹಾಕಿದರು. ನೂಲು ಮತ್ತೆ ನೆಟ್ಟಗಾಯಿತು. ಅದಕ್ಕೆ ಹೊಸ ಕಂದು ಉಣ್ಣೆಯನ್ನು ಸೇರಿಸಿ, ಅಂಚಿಗೆ ಹಳದಿ ಪಟ್ಟಿಯಿರುವ ದೊಡ್ಡ ಸ್ವೆಟರೊಂದನ್ನು ಹೆಣೆದರು. ಕಳೆದ ಆಟಿಯಲ್ಲಿ ನೆರೆಯವರು ನಕ್ಕುದು ಅದನ್ನೇ ನೋಡಿ.

ಕಳುಹಿಸುವಾಗ ಪೊಟ್ಟಣದೊಳಗೆ ಒಂದು ಚೀಟಿಯನ್ನು ಬರೆದು ಹಾಕಿದೆವು. ಬಿಸಿನೀರು ಬೇಡ, ಯಂತ್ರದಲ್ಲಿ ತಿರುಗಿಸುವುದು ಬೇಡ. ಉಣ್ಣೆಯ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಅಂಗಿಯು ಗೊಂಬೆಯ ಅಂಗಿಯಾದೀತು. ತಣ್ಣೀರಿನಲ್ಲಿ ಮೆಲ್ಲನೆ ಹಿಂಡಿ, ತೂಗಹಾಕದೆ ಚಪ್ಪಟೆಯಾಗಿ ಹರವಿರಿ. ಹೆಣೆದು ಕಳುಹಿಸುವವರೆಲ್ಲರೂ ಇಂತಹ ಚೀಟಿಯೊಂದನ್ನು ಇಡುವುದು ಒಳ್ಳೆಯದೆಂದು ನಮ್ಮ ಸಲಹೆ. ನಾವು ಹೆಣೆದುದನ್ನು ಒಗೆಯುವವರು ಬೇರೆಯವರು.

ಹೆಣೆಯುವವರ ಮನಸ್ಸು ಸಾಮಾನ್ಯವಾಗಿ ತನ್ನ ಕೈಚಳಕದ ಕಡೆಗೆ ಓಡುವುದು. ಎಲೆಯ ಬಳ್ಳಿ, ಮುತ್ತಿನ ಗುಂಡಿ, ರೇಶಿಮೆ ರಿಬ್ಬನ್ನು ಎಂದು ಅಂದ ಹೆಚ್ಚಿಸುತ್ತ, ತೊಡುವವರ ಮೈ, ಊರು, ಹವೆ ಯಾವುದೆಂಬುದನ್ನು ನಾವು ಮರೆಯುವೆವು. ಮಂಗಳೂರಿನ ಕೂಸಿಗೆ ಹತ್ತಿಯ ಕುಲಾವಿ, ಹಿಮದ ಊರಿನ ಮೊಮ್ಮಗನಿಗೆ ಉಣ್ಣೆಯ ಸ್ವೆಟರು; ಎರಡಕ್ಕೂ ಕೈ ಒಂದೇ, ಅಳತೆ ಬೇರೆ. ಪ್ರೀತಿಗೂ ಅಳತೆ ಬೇಕೆಂಬುದನ್ನು ಈ ಎರಡು ಕಡ್ಡಿಗಳು ನಮಗೆ ಕಲಿಸಿದವು.

ಪೊಟ್ಟಣವು ತಲುಪಿದ ಮೇಲೆ ಮೊಮ್ಮಗನ ಚಿತ್ರ ಬಂದಿತು. ತೋಳು ಒಂದು ಅಂಗುಲ ಉದ್ದವಾಗಿ ಮಡಚಿಕೊಂಡಿದ್ದನು. ಅತ್ತೆಯವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಬರುವ ವರ್ಷಕ್ಕೆ ಸರಿಯಾಗುತ್ತದೆ” ಎಂದರು.